ಗುರುವಾರದ ಟಿಆರ್‌ಪಿ, ಐದನೇ ತಾರೀಖಿನ ಇಎಂಐ

ನಿಮ್ಮ ಮನೆಯ ಟಿವಿಯಲ್ಲಿ ವಾರಕ್ಕೆ ಐದಾರು ರಾತ್ರಿ ಕಾಣಿಸಿಕೊಳ್ಳುವ ಹೆಂಗಸಿಗೆ ತಿಂಗಳಿಗೆ ಎಷ್ಟು ದಿನ ಕೆಲಸ ಇರುತ್ತದೆ ಗೊತ್ತೆ? ನಾಯಕಿಯಾದರೆ ಇಪ್ಪತ್ತರ ಮೇಲೆ. ನನ್ನಂಥ ಪೋಷಕ ಪಾತ್ರದವಳಿಗೆ ಒಂದು ತಿಂಗಳಲ್ಲಿ ಹತ್ತು ದಿನ. ಕತೆ ನಾಯಕಿಯ ತವರುಮನೆ ಕಡೆ ಹೊರಳಿತೋ, ಮೂರೇ ದಿನ. ಕಾಲ್‌ಶೀಟ್ ಇದ್ದ ದಿನಕ್ಕೆ ದುಡ್ಡು, ಇಲ್ಲದ ದಿನಕ್ಕಿಲ್ಲ. ಆ ದುಡ್ಡೂ ಕೂಡಲೇ ಬರುವುದಿಲ್ಲ. ಚಾನೆಲ್‌ನಿಂದ ನಿರ್ಮಾಪಕರಿಗೆ ಬಂದು, ಅಲ್ಲಿಂದ ನನ್ನ ಖಾತೆಗೆ ಇಳಿಯುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತದೆ. ದೀಪಾವಳಿಯಲ್ಲಿ ದುಡಿದದ್ದು ಸಂಕ್ರಾಂತಿಗೆ ಬಂದರೆ ಪುಣ್ಯ.

ಖರ್ಚು ಮಾತ್ರ ಮುಂಗಡ. ಕನ್ನಡ ಧಾರಾವಾಹಿಗಳಲ್ಲಿ ಬಹುಪಾಲು ಕಲಾವಿದೆಯರು ಸೀರೆ, ಬ್ಲೌಸು, ಸರ, ಬಳೆ ಎಲ್ಲವನ್ನೂ ತಾವೇ ಹೊಂದಿಸಿಕೊಳ್ಳಬೇಕು. ಶ್ರೀಮಂತರ ಮನೆಯ ಅತ್ತೆ ಅಂದರೆ ನನಗೆ ಈಗಲೂ ಎದೆ ಢವಗುಟ್ಟುತ್ತದೆ. ಆಕೆ ಒಗ್ಗರಣೆ ಹಾಕುವಾಗಲೂ ರೇಷ್ಮೆ ಉಟ್ಟಿರುತ್ತಾಳೆ. ಉಟ್ಟ ಸೀರೆಯನ್ನು ಮತ್ತೆ ಉಟ್ಟರೆ ವೀಕ್ಷಕರು ಗುರುತು ಹಿಡಿಯುತ್ತಾರೆ, ಮ್ಯಾನೇಜರ್ ಮುಖ ಸಿಂಡರಿಸುತ್ತಾನೆ. ಬಡವಿಯ ಪಾತ್ರದಲ್ಲಿ ಪೇಮೆಂಟ್ ಕಡಿಮೆಯಾದರೂ ಕೈಯಲ್ಲಿ ಉಳಿಯುವುದು ಹೆಚ್ಚು. ನಾನು ಎರಡನ್ನೂ ಮಾಡಿ, ಲೆಕ್ಕ ಬರೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಈಗ ನಾವು ನಾಲ್ಕೈದು ಜನ ಬೇರೆ ಬೇರೆ ಚಾನೆಲ್‌ನವರು ಸೀರೆ ಬದಲಾಯಿಸಿಕೊಳ್ಳುತ್ತೇವೆ. ಚಿಕ್ಕಪೇಟೆಯ ಬಿಲ್ಲುಗಳನ್ನು ಎಸೆಯುವುದಿಲ್ಲ. ಲೆಕ್ಕಪತ್ರ ಇಟ್ಟವಳಿಗೆ ಅದು ವೃತ್ತಿಯ ಖರ್ಚು ಎಂದು ಆಡಿಟರ್‌ಗೆ ತೋರಿಸಲು ಆಧಾರ.

ಇನ್ನು ಗುರುವಾರ. ಟಿವಿ ವೀಕ್ಷಕರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯ ವಾರದ ರೇಟಿಂಗ್, ಅಂದರೆ ಟಿಆರ್‌ಪಿ, ಬರುವ ದಿನ. ಅವತ್ತು ಮೇಕಪ್ ರೂಮಿನಲ್ಲಿ ಮಾತು ಕಡಿಮೆ. ಅಂಕಿ ಕುಸಿದರೆ ಕತೆ ಹತ್ತು ವರ್ಷ ಮುಂದಕ್ಕೆ ಜಿಗಿಯುತ್ತದೆ, ನನ್ನ ಪಾತ್ರ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಆಗುತ್ತದೆ. ಇಲ್ಲವೇ ಧಾರಾವಾಹಿಯೇ ಮುಗಿಯುತ್ತದೆ. ‘ಅಗ್ನಿಸಾಕ್ಷಿ’ 2013ರಿಂದ 2020ರವರೆಗೆ ಓಡಿತು ನಿಜ. ಅದನ್ನು ಲೆಕ್ಕಕ್ಕಿಟ್ಟುಕೊಂಡು ಹೊಸ ಹುಡುಗಿಯರು ಐದು ವರ್ಷದ ಕಾರ್ ಲೋನ್ ತೆಗೆಯುತ್ತಾರೆ. ಎಲ್ಲರಿಗೂ ‘ಅಗ್ನಿಸಾಕ್ಷಿ’ ಸಿಗುವುದಿಲ್ಲ. ಬಸುರಿಯಾದರಂತೂ ಹೊಟ್ಟೆ ಕಾಣದಂತೆ ಕೆಲವು ವಾರ ಕುರ್ಚಿಯ ಹಿಂದೆ ನಿಲ್ಲಿಸುತ್ತಾರೆ. ಆಮೇಲೆ ಒಂದು ಸಂಜೆ ಅದೇ ಪಾತ್ರಕ್ಕೆ ಬೇರೆ ಮುಖ. ಸಂಬಳದ ನೌಕರಿಯವರಿಗೆ ಕಾನೂನು ಕೊಡುವ 26 ವಾರಗಳ ಹೆರಿಗೆ ರಜೆಯ ಸಂಬಳ ಕಾಲ್‌ಶೀಟಿನವರ ಕೈಗೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಈ ಕಸುಬಿನಲ್ಲಿ ಉಳಿತಾಯ ಮುಪ್ಪಿಗೆ ಎಂದುಕೊಳ್ಳಬೇಡಿ. ಅದು ಇವತ್ತಿಗೆ, ‘ಆಗಲ್ಲ ಸಾರ್’ ಎನ್ನುವುದಕ್ಕೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಚಿತ್ರೀಕರಣ ನಿಂತಾಗ ಚಾನೆಲ್‌ಗಳು ಹಳೆಯ ಕಂತುಗಳನ್ನೇ ಮತ್ತೆ ಹಾಕಿದವು. ಪರದೆಯ ಮೇಲೆ ನಾನು ದಿನವೂ ಇದ್ದೆ, ನನಗೆ ಬಂದದ್ದು ಸೊನ್ನೆ. ಮರುವರ್ಷ ಎರಡನೇ ಅಲೆಯಲ್ಲಿ ಕನ್ನಡದ ಹಲವು ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೊರಟವು. ನನ್ನ ಅಮ್ಮನಿಗೆ ಆಗ ಉಸಿರಾಟದ ತೊಂದರೆ. ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚಿನಷ್ಟು ಎಫ್‌ಡಿ ಇತ್ತು, ಬರುವುದಿಲ್ಲ ಎಂದೆ. ಜೊತೆಯ ಕಲಾವಿದೆಯೊಬ್ಬಳು ಕೈಗೂಸನ್ನು ಅತ್ತೆಯ ಹತ್ತಿರ ಬಿಟ್ಟು ಹೋದಳು. ಅವಳಿಗೂ ಇಷ್ಟವಿರಲಿಲ್ಲ, ಐದನೇ ತಾರೀಖಿಗೆ ಇಎಂಐ ಇತ್ತು. ರಾತ್ರಿ ಹನ್ನೊಂದಾದರೂ ಬಿಡದ ಶೂಟಿಂಗ್, ಒಪ್ಪಿಗೆಯಾಗದ ದೃಶ್ಯ, ಯಾರದೋ ಬೇಡದ ಫೋನ್ ಕರೆ, ಎಲ್ಲದಕ್ಕೂ ಇದೇ ಲೆಕ್ಕ.

ಬ್ಯಾಂಕಿನ ಕತೆ ಬೇರೆಯೇ. ‘ಅಮ್ಮ ನಿಮ್ಮ ಸೀರಿಯಲ್ ಬಿಡಲ್ಲ ಮೇಡಂ’ ಎಂದು ಸೆಲ್ಫಿ ತೆಗೆದುಕೊಂಡ ಅಧಿಕಾರಿಯೇ ಆಮೇಲೆ ಸ್ಯಾಲರಿ ಸ್ಲಿಪ್ ಕೇಳಿದರು. ನಮ್ಮಂಥವರಿಗೆ ಸ್ಲಿಪ್ ಎಲ್ಲಿಂದ ಬರಬೇಕು? ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್‌ಗಳೇ ನಮ್ಮ ಸ್ಯಾಲರಿ ಸ್ಲಿಪ್. ಪೇಮೆಂಟಿನಲ್ಲಿ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ತಾನೇ ಹೆಚ್ಚಾದದ್ದು ವಾಪಸ್ ಬರುವುದು? ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟಿದ್ದಾರೆಯೇ ಎಂದು 26ಎಎಸ್ ನಮೂನೆಯಲ್ಲಿ ನೋಡಿಕೊಳ್ಳಬೇಕು. ಒಮ್ಮೆ ನನ್ನದು ಅಲ್ಲಿ ಕಾಣಲೇ ಇಲ್ಲ. ನಿರ್ಮಾಪಕರ ಆಫೀಸಿಗೆ ಫೋನ್ ಮೇಲೆ ಫೋನ್ ಮಾಡಿದ ಮೇಲೆ ಕಾಣಿಸಿತು.

ರಿಟರ್ನ್ ಹಾಕದ ಗೆಳತಿಯೊಬ್ಬಳ ವಿಷಯ ಹೇಳಲೇಬೇಕು. ಗಂಡ ಸಂಬಳದವನು, ಹಾಗಾಗಿ ಫ್ಲ್ಯಾಟ್ ಸಾಲ ಅವನ ಸ್ಲಿಪ್ ಮೇಲೆ. ಬ್ಯಾಂಕಿನವರು ಇವಳನ್ನೂ ಸಹ-ಸಾಲಗಾರ್ತಿ ಮಾಡಿಕೊಂಡರು. ಕ್ರಯಪತ್ರದಲ್ಲಿ ಮಾತ್ರ ಅವನೊಬ್ಬನ ಹೆಸರು. ವರ್ಷಗಟ್ಟಲೆ ಇವಳ ಪೇಮೆಂಟ್ ಕಂತಿಗೆ ಹೋಯಿತು. ಸಂಸಾರ ಮುರಿದಾಗ ಮನೆ ಅವನದು, ಸಾಲ ಇಬ್ಬರದು. ವಕೀಲರ ಮುಂದೆ ಅವಳು ಅತ್ತದ್ದನ್ನು ಬಲ್ಲೆ. ಮರುದಿನ ಬೆಳಿಗ್ಗೆ ಸೆಟ್‌ನಲ್ಲಿ ಗೃಹಪ್ರವೇಶದ ದೃಶ್ಯವಿತ್ತು, ಗ್ಲಿಸರಿನ್ ಬೇಡ ಅಂದಳು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಕ್ರಯಪತ್ರದ ಕರಡು ತೋರಿಸಿ ಅನ್ನಿ. ಗಂಡನಿಗೆ ಬೇಸರವಾದರೆ ಆಗಲಿ.

ಉಳಿಸಿದ್ದನ್ನು ಎಲ್ಲಿಡುವುದು ಎನ್ನುವುದೂ ಸಣ್ಣ ಮಾತಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಹಿಂದಿ ಧಾರಾವಾಹಿಗಳ ನಟಿ ನೂಪುರ್ ಅಲಂಕಾರ್ ತಮ್ಮ ಹಣ ಅಲ್ಲಿ ಸಿಕ್ಕಿಬಿದ್ದಿದೆ, ಒಡವೆ ಮಾರಬೇಕಾಗಿದೆ ಎಂದು ಮಾಧ್ಯಮದ ಮುಂದೆ ತೋಡಿಕೊಂಡಿದ್ದರು. ನಾಲ್ಕು ತಿಂಗಳಾಗುವುದರೊಳಗೆ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೂ ಹಣ ತೆಗೆಯಲು 35,000 ರೂಪಾಯಿಯ ಮಿತಿ ಬಿತ್ತು. ಠೇವಣಿ ವಿಮೆ 2020ರ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ, ಬಡ್ಡಿಯೂ ಅದರೊಳಗೇ. ಅರ್ಧ ಪರ್ಸೆಂಟ್ ಬಡ್ಡಿಯಾಸೆಗೆ ಎಲ್ಲವನ್ನೂ ಒಂದೇ ಕಡೆ ಇಡುವುದು ನಮ್ಮಂಥವರಿಗೆ ಸಲ್ಲದು.

ಸರ್ಕಾರದ ನೆರವಿನ ಮಾತಿಗೆ ಬಂದರೆ, ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ಕಲಾವಿದರ ಕ್ಷೇಮನಿಧಿ ಮಾಡುವ ಮಸೂದೆಯನ್ನು ಕರ್ನಾಟಕದ ವಿಧಾನಮಂಡಲ 2024ರಲ್ಲಿ ಅಂಗೀಕರಿಸಿತು. ಒಳ್ಳೆಯದೇ. ಆದರೆ ಅದನ್ನು ನಂಬಿ ಈ ತಿಂಗಳ ಬಾಡಿಗೆ ಕಟ್ಟಲಾಗುವುದಿಲ್ಲ.

ಮೊದಲ ಧಾರಾವಾಹಿಗೆ ಸಹಿ ಹಾಕುತ್ತಿರುವ ತಂಗಿಯರೇ, ಕಾರು ಮೂರನೆಯ ಧಾರಾವಾಹಿಗೆ ಇರಲಿ, ಸದ್ಯಕ್ಕೆ ಮೆಟ್ರೊದಲ್ಲಿ ಬನ್ನಿ. ಪೇಮೆಂಟ್ ಬರುವುದು ನಿಮ್ಮೊಬ್ಬರ ಹೆಸರಿನ ಖಾತೆಗೇ ಇರಲಿ, ಅಪ್ಪ-ಅಮ್ಮನಿಗೆ ಅಲ್ಲಿಂದ ಕಳಿಸಿ. ಒಂದು ಆರೋಗ್ಯ ವಿಮೆ ಮಾಡಿಸಿ. ಆರು ತಿಂಗಳ ಖರ್ಚು ಜಮೆಯಾಗುವವರೆಗೆ ಯಾವ ಇಎಂಐಗೂ ಸಹಿ ಹಾಕಬೇಡಿ.