ಬಾವಲಿಗಳು ಹೊರಡುವ ಹೊತ್ತು

ಮಕ್ಕಳೇ, ಸೂರ್ಯ ಕಡಲಿಗಿಳಿದ ಮೇಲೆ ನೀವು ಅಂಗಳದಲ್ಲಿ ನಿಂತು ಆಕಾಶ ನೋಡಿದ್ದೀರಾ? ಕಾಗೆಗಳು ಸಾಲುಸಾಲಾಗಿ ಮರ ಸೇರುತ್ತವೆ. ಮೈನಾಗಳ ಗಲಾಟೆ ನಿಲ್ಲುತ್ತದೆ. ಮನೆಯೊಳಗೆ ದೀಪ ಹಚ್ಚುತ್ತಾರೆ. ಆದರೆ ಎಲ್ಲರಿಗೂ ಅದು ಮಲಗಲು ಸಿದ್ಧವಾಗುವ ಹೊತ್ತಲ್ಲ. ಆಗಷ್ಟೇ ಎಚ್ಚೆತ್ತು ಮೈಮುರಿಯುವವರೂ ಇದ್ದಾರೆ. ಅವರೇ ಬಾವಲಿಗಳು. ನಿಮ್ಮ ಮಲಯಾಳ ಗೆಳೆಯರು ಇವನ್ನು ವವ್ವಾಲ್ ಎನ್ನುತ್ತಾರೆ.

ನಮ್ಮ ಕಾಸರಗೋಡಿನ ಕಡೆ ನಾಗಬನಗಳು, ಕಾವುಗಳು ಇನ್ನೂ ಉಳಿದಿವೆ. ಅಲ್ಲಿನ ಎತ್ತರದ ಗೋಳಿಮರದಲ್ಲಿ ಹಗಲು ಹೊತ್ತು ಕಪ್ಪು ಬಟ್ಟೆ ಒಣಹಾಕಿದಂತೆ ಏನೋ ತೂಗಾಡುವುದನ್ನು ನೀವು ಕಂಡಿರಬಹುದು. ಅವು ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ತಲೆ ಕೆಳಗೆ, ಕಾಲು ಮೇಲೆ! ಹೀಗೆ ತೂಗಿದರೆ ಕಾಲು ನೋಯುವುದಿಲ್ಲವೇ? ಇಲ್ಲ. ಬಾವಲಿ ಜೋತುಬಿದ್ದಾಗ ಅದರ ಮೈಭಾರವೇ ಕಾಲಿನ ನರವನ್ನು ಎಳೆದು ಉಗುರುಗಳನ್ನು ಕೊಂಬೆಗೆ ಬಿಗಿಯುತ್ತದೆ. ನಿದ್ದೆಯಲ್ಲೂ ಹಿಡಿತ ಸಡಿಲುವುದಿಲ್ಲ. ಸೆಕೆಯಾದಾಗ ಅವು ಒಂದು ರೆಕ್ಕೆಯನ್ನು ಬೀಸಣಿಗೆಯಂತೆ ಬೀಸಿಕೊಳ್ಳುತ್ತವೆ. ಪಕ್ಕದವನೊಡನೆ ಜಾಗಕ್ಕಾಗಿ ಜಗಳವನ್ನೂ ಆಡುತ್ತವೆ.

ಈಗ ಸಂಜೆಗೆ ಬರೋಣ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಮರದ ಅಡಿಗೆ ಹೋಗಬೇಡಿರಿ. ದೂರದ ಗದ್ದೆಯ ಹುಣಿಯೋ ಗುಡ್ಡದ ಏರೋ ಇದ್ದರೆ ಸಾಕು. ಟಾರ್ಚು ಹಾಕಬೇಡಿರಿ, ಬೊಬ್ಬೆ ಹೊಡೆಯಬೇಡಿರಿ. ಸುಮ್ಮನೆ ಕುಳಿತುಕೊಳ್ಳಿರಿ.

ಮೊದಲು ಕಾಣುವವು ಪುಟಾಣಿ ಬಾವಲಿಗಳು. ಬಾನಿನಲ್ಲಿ ಇನ್ನೂ ಬೆಳಕಿರುವಾಗಲೇ ಅವು ಬರುತ್ತವೆ. ಮಲಯಾಳದಲ್ಲಿ ನರಿಚ್ಚೀರ್ ಎನ್ನುವುದು ಇವುಗಳಿಗೇ. ಹಳೆಯ ಸುರಂಗ, ಪಾಳು ಮನೆಯ ಮಾಡು, ಗೋಡೆಯ ಬಿರುಕು ಇವುಗಳ ಬಿಡಾರ. ಕೆಲವು ಜಾತಿಗಳ ತೂಕ ಒಂದು ರೂಪಾಯಿಯ ನಾಣ್ಯದಷ್ಟೇ! ತಟ್ಟನೆ ತಿರುಗಿ, ಮೇಲೇರಿ, ಕೆಳಗಿಳಿದು ಅವು ಸೊಳ್ಳೆ, ಪತಂಗ, ಜೀರುಂಡೆಗಳನ್ನು ಹಿಡಿಯುತ್ತವೆ.

ಆಕಾಶ ಬೂದುಬಣ್ಣಕ್ಕೆ ತಿರುಗಿದಾಗ ಗೋಳಿಮರದಲ್ಲಿ ಕಿಚಪಿಚ ಜೋರಾಗುತ್ತದೆ. ಒಂದು ಬಾವಲಿ ಹಿಡಿತ ಬಿಟ್ಟು ಕೆಳಕ್ಕೆ ಬೀಳುತ್ತದೆ. ನೆಲ ಸೇರುವ ಮೊದಲೇ ರೆಕ್ಕೆ ಬಿಡಿಸಿ ಮೇಲೇರುತ್ತದೆ. ಮರದ ಸುತ್ತ ಒಂದು ಸುತ್ತು ಹಾಕುತ್ತದೆ. ಹಿಂದೆಯೇ ಇನ್ನೊಂದು, ಮತ್ತೆ ಹತ್ತು, ಮತ್ತೆ ಎಣಿಸಲಾಗದಷ್ಟು. ಬಿಡಿಸಿದ ರೆಕ್ಕೆ ತುದಿಯಿಂದ ತುದಿಗೆ ಒಂದು ಮೀಟರಿಗೂ ಹೆಚ್ಚು. ಅವು ಪುಟಾಣಿಗಳಂತೆ ಗಡಿಬಿಡಿ ಮಾಡುವುದಿಲ್ಲ. ದೋಣಿಗೆ ಹುಟ್ಟು ಹಾಕುವಂತೆ ನಿಧಾನವಾಗಿ ರೆಕ್ಕೆ ಬೀಸುತ್ತಾ ಹೋಗುತ್ತವೆ. ಕೆಲವು ತಾಯಂದಿರ ಎದೆಗೆ ಮರಿ ಕಚ್ಚಿಕೊಂಡಿರುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಅದಕ್ಕೆ ತಾಯಿಯ ಹಾಲೇ ಆಹಾರ. ಹಾರಿದರೂ ಬಾವಲಿ ಹಕ್ಕಿಯಲ್ಲ, ನಮ್ಮಂತೆ ಸಸ್ತನಿ. ಅದರ ರೆಕ್ಕೆಯಲ್ಲಿ ಗರಿಗಳಿಲ್ಲ. ಉದ್ದ ಬೆರಳುಗಳ ನಡುವೆ ತೆಳುವಾದ ಚರ್ಮವಿದೆ.

ಕತ್ತಲೆಯಲ್ಲಿ ಅವು ಹೇಗೆ ಡಿಕ್ಕಿ ಹೊಡೆಯದೆ ಹಾರುತ್ತವೆ? ಇಟಲಿಯ ಸ್ಪಲಂಝಾನಿ ಎಂಬ ವಿಜ್ಞಾನಿಯನ್ನೂ ಈ ಪ್ರಶ್ನೆ ಕಾಡಿತ್ತು. 1793ರಲ್ಲಿ ಅವನು ಪ್ರಯೋಗ ಆರಂಭಿಸಿದ. ಕಣ್ಣು ಕಾಣದ ಬಾವಲಿ ಸರಾಗವಾಗಿ ಹಾರಿತು, ಕಿವಿ ಮುಚ್ಚಿದ ಬಾವಲಿ ತಡವರಿಸಿತು. ಕಾರಣ ತಿಳಿಯಲು 1938ರವರೆಗೆ ಕಾಯಬೇಕಾಯಿತು. ಅಮೆರಿಕದ ಡೊನಾಲ್ಡ್ ಗ್ರಿಫಿನ್, ನಮ್ಮ ಕಿವಿಗೆ ಕೇಳಿಸದ ಬಾವಲಿಯ ಕೂಗನ್ನು ಯಂತ್ರದ ಸಹಾಯದಿಂದ ಹಿಡಿದರು. ಕೂಗು ಗೋಡೆಗೋ ಹುಳಕ್ಕೋ ಬಡಿದು ಮರಳಿದಾಗ ಅದು ಎಲ್ಲಿದೆ ಎಂದು ಬಾವಲಿಗೆ ಗೊತ್ತಾಗುತ್ತದೆ. ಆದರೆ ಇದು ಪುಟಾಣಿಗಳ ವಿದ್ಯೆ. ಗೋಳಿಮರದ ದೊಡ್ಡ ಬಾವಲಿಗೆ ಅದು ಬಾರದು. ಅದು ನಂಬುವುದು ತನ್ನ ದೊಡ್ಡ ಕಣ್ಣುಗಳನ್ನು ಮತ್ತು ಮೂಗನ್ನು. "ಬಾವಲಿ ಕುರುಡು" ಎಂದು ಯಾರಾದರೂ ಹೇಳಿದರೆ ನೀವು ನಗಬಹುದು.

ರಾತ್ರಿಯಿಡೀ ಅವು ಮಾವು, ಪೇರಳೆ, ಗೇರು, ಅತ್ತಿ, ಹೊನ್ನೆ ಎಂದು ಹುಡುಕುತ್ತಾ ಅಲೆಯುತ್ತವೆ. ಬಾಳೆಹೂವಿನ ಮಕರಂದವೂ ಇಷ್ಟ. ಹಣ್ಣನ್ನು ಚೀಪಿ ಬೀಜವನ್ನು ಬೇರೆಲ್ಲೋ ಬೀಳಿಸುತ್ತವೆ. ಯಾರೂ ನೆಡದ ಗೇರುಗಿಡ ಗುಡ್ಡದಲ್ಲಿ ಎದ್ದಿದ್ದರೆ ಅದು ಬಾವಲಿಯ ಕೃಷಿಯೂ ಆಗಿರಬಹುದು. ತೋಟದವರಿಗೆ ಮಾತ್ರ ಇವುಗಳ ಮೇಲೆ ಸಿಟ್ಟಿದೆ. ಹಣ್ಣಡಿಕೆಯನ್ನೂ ಚೀಪಿ ಎಸೆಯುತ್ತವಲ್ಲ! ಆ ಸಿಟ್ಟು ಸುಳ್ಳಲ್ಲ.

ಸಿಟ್ಟಿಗಿಂತ ದೊಡ್ಡದು ಹೆದರಿಕೆ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಎಂಬ ಜ್ವರ ಕಾಣಿಸಿಕೊಂಡು ಹಲವರು ತೀರಿಕೊಂಡರು. ರೋಗಿಗಳ ಆರೈಕೆ ಮಾಡುತ್ತಿದ್ದ ಒಬ್ಬ ದಾದಿಯೂ ಅವರಲ್ಲಿದ್ದರು. ನಿಪಾ ವೈರಸ್ ದೊಡ್ಡ ಬಾವಲಿಗಳ ದೇಹದಲ್ಲಿರುತ್ತದೆ. ಅದರಿಂದ ಅವುಗಳಿಗೆ ಕಾಯಿಲೆ ಬರುವುದಿಲ್ಲ. ಆದರೆ ಅವುಗಳ ಜೊಲ್ಲು, ಮೂತ್ರ ತಾಗಿದ ಹಣ್ಣಿನಿಂದ ನಮಗೆ ಅಪಾಯವುಂಟು. ಹಿಂದೆ ಬಾವಲಿ ಬೀಳಿಸಿದ ಗೇರುಬೀಜ ಹೆಕ್ಕಲು ಮಕ್ಕಳು ಬೆಳಗ್ಗೆ ಓಡುತ್ತಿದ್ದರು. ಈಗ ನೀವು ಹಾಗೆ ಮಾಡಬಾರದು. ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನಬಾರದು, ಬರಿಗೈಯಲ್ಲಿ ಮುಟ್ಟಲೂ ಬಾರದು. ಒಳ್ಳೆಯ ಹಣ್ಣನ್ನೂ ತೊಳೆದೇ ತಿನ್ನಬೇಕು. ನೆಲಕ್ಕೆ ಬಿದ್ದ ಬಾವಲಿಯನ್ನು ಕಂಡರೆ ದೊಡ್ಡವರಿಗೆ ತಿಳಿಸಿರಿ.

ಹಾಗಾದರೆ ಮರವನ್ನೇ ಕಡಿದುಬಿಟ್ಟರೆ? ಪಟಾಕಿ ಹೊಡೆದು ಓಡಿಸಿದರೆ? ಕೆಲವರು ಹಾಗೆಯೇ ಯೋಚಿಸಿದ್ದುಂಟು. ಆದರೆ ಓಡಿಸಿದ ಬಾವಲಿಗಳು ಮಾಯವಾಗುವುದಿಲ್ಲ. ಬನ ಬಿಟ್ಟರೆ ನಮ್ಮ ಹಿತ್ತಿಲ ಮಾವಿಗೇ ಬರುತ್ತವೆ. ಇಂಥದೇ ಇನ್ನೊಂದು ವೈರಸ್ ಆಸ್ಟ್ರೇಲಿಯಾದ ಬಾವಲಿಗಳಲ್ಲಿದೆ. ಕಾಡು ಕಡಿಮೆಯಾಗಿ ಆಹಾರ ಸಿಗದೆ ಅವು ಊರ ಸಮೀಪ ಬಂದಾಗಲೇ ರೋಗ ಹರಡುವುದು ಹೆಚ್ಚಾಯಿತೆಂದು ಅಲ್ಲಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ದೇಶದ ವನ್ಯಜೀವಿ ಕಾನೂನು ಹಣ್ಣುತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು.

ನೋಡಿರಿ, ಬರೆಯಿರಿ
ಒಂದು ವಾರ ದಿನಾಲೂ ಸಂಜೆ ಒಂದೇ ಜಾಗದಿಂದ ಬಾವಲಿಗಳನ್ನು ನೋಡಿರಿ. ಸೂರ್ಯ ಮುಳುಗಿದ ಎಷ್ಟು ನಿಮಿಷಕ್ಕೆ ಮೊದಲನೆಯ ದೊಡ್ಡ ಬಾವಲಿ ಹೊರಟಿತು? ಅವು ಯಾವ ದಿಕ್ಕಿಗೆ ಹೋದವು? ಮೋಡವಿದ್ದ ದಿನ ಸಮಯ ಬದಲಾಯಿತೇ? ದಿನಚರಿಯಲ್ಲಿ ಬರೆದು ತರಗತಿಯಲ್ಲಿ ಓದಿ ಹೇಳಿರಿ.

ಚರ್ಚಿಸಿರಿ
ನಿಮ್ಮ ಊರಿನ ಬನದ ಗೋಳಿಮರವನ್ನು ಕಡಿಯಬೇಕೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಇಬ್ಬರ ಮಾತುಗಳನ್ನೂ ಸಂಭಾಷಣೆಯ ರೂಪದಲ್ಲಿ ಬರೆಯಿರಿ.