ನೆರೆಗೆ ಮುನ್ನ: ಪಂಚಾಯಿತಿಯ ಹಳೆಯ ದೋಣಿ ಮೋಟಾರಿನ ಪರಿಶೀಲನೆ ಮತ್ತು ದುರಸ್ತಿ



ನದೀತೀರದ ಹಾಗೂ ಜಲಾಶಯದ ಹಿನ್ನೀರಿನ ಕೆಲವು ಗ್ರಾಮಗಳಲ್ಲಿ ಹಿಂದೆಂದೋ ನೆರೆಯ ಕಾಲದಲ್ಲಿ ಬಂದ ದೋಣಿಯೊಂದು, ಅದರ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಮೋಟಾರಿನೊಡನೆ ಉಗ್ರಾಣದಲ್ಲಿ ಉಳಿದಿರುವುದುಂಟು. ದಾಸ್ತಾನು ವಹಿಯಲ್ಲಿ ಅದು ವರ್ಷ ವರ್ಷವೂ ‘ಸುಸ್ಥಿತಿಯಲ್ಲಿದೆ’ ಎಂದೇ ದಾಖಲಾಗುತ್ತದೆ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಉತ್ತರ ಕರ್ನಾಟಕದ ನದಿಗಳು ದಡ ಮೀರಿದುದನ್ನು ಕಂಡವರಿಗೆ, ಆ ದಾಖಲೆಯನ್ನು ಪರೀಕ್ಷಿಸದೆ ನಂಬುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ. ಮೃಗಶಿರ ಮಳೆ ಬೀಳುವುದಕ್ಕೆ ಮುನ್ನವೇ ಈ ಯಂತ್ರವನ್ನು ಹೊರತೆಗೆದು ನೋಡತಕ್ಕದ್ದು. ಸದಸ್ಯರು ಸ್ವತಃ ಮೆಕ್ಯಾನಿಕ್ ಆಗಬೇಕಿಲ್ಲ. ಮೆಕ್ಯಾನಿಕ್‌ನನ್ನು ಏನು ಕೇಳಬೇಕು, ಏನನ್ನು ಕಣ್ಣಾರೆ ನೋಡಬೇಕು ಎಂಬುದನ್ನು ತಿಳಿದಿದ್ದರೆ ಸಾಕು.

ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಮೋಟಾರಿನ ಮೂಲ ವಿನ್ಯಾಸವೇ ಇಂದಿಗೂ ಬಳಕೆಯಲ್ಲಿದೆ: ಮೇಲೆ ಎಂಜಿನ್, ನಡುವೆ ನೇರವಾಗಿ ಕೆಳಗಿಳಿಯುವ ಶಾಫ್ಟ್, ತಳದಲ್ಲಿ ಗೇರ್ ಪೆಟ್ಟಿಗೆ ಹಾಗೂ ಪಂಖ. ಈ ಸರಳತೆಯಿಂದಲೇ ನಲವತ್ತು-ಐವತ್ತು ವರ್ಷದ ಮೋಟಾರನ್ನೂ ಮತ್ತೆ ಓಡಿಸಲು ಸಾಧ್ಯವಾಗುತ್ತದೆ. ಇಂತಹ ಯಂತ್ರಗಳು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಹಾಗೆ ನಿಂತು ಕೆಟ್ಟ ಭಾಗಗಳು ಹೊರನೋಟಕ್ಕೆ ಕಾಣುವುದಿಲ್ಲ.

ನದೀತೀರದ ಒಂದು ಗ್ರಾಮದಲ್ಲಿ ನಾನೇ ಕಂಡ ಪ್ರಸಂಗವನ್ನು ಇಲ್ಲಿ ಹೇಳಬೇಕು. ನೀರು ಏರುತ್ತಿದ್ದ ದಿನ ಮೋಟಾರನ್ನು ದೋಣಿಗೆ ಕಟ್ಟಿ ಹಗ್ಗ ಎಳೆದಾಗ ಮೂರನೆಯ ಎಳೆತಕ್ಕೇ ಅದು ಚಾಲನೆಗೊಂಡಿತು, ದಡದಲ್ಲಿದ್ದವರಿಗೆಲ್ಲ ಸಂತೋಷ. ಐದಾರು ನಿಮಿಷಗಳ ನಂತರ ನಡುಹೊಳೆಯಲ್ಲಿ ಎಂಜಿನ್ ಕಾದು ಬಿಗಿದು ನಿಂತುಬಿಟ್ಟಿತು. ದೋಣಿಯಲ್ಲಿ ಎರಡು ಹುಟ್ಟುಗಳಿದ್ದುದರಿಂದ ಜನರು ಬಹುದೂರ ಕೆಳಗೆ ಹರಿದು ಹೋಗಿ ಹೇಗೋ ದಡ ಸೇರಿದರು. ಬಿಚ್ಚಿ ನೋಡಿದಾಗ ಕೆಟ್ಟಿದ್ದುದು ಅಂಗೈಗಿಂತ ಚಿಕ್ಕದಾದ ಒಂದು ರಬ್ಬರಿನ ಚಕ್ರ.

ಅದರ ಹೆಸರು ಇಂಪೆಲ್ಲರ್. ಗೇರ್ ಪೆಟ್ಟಿಗೆಯ ಮೇಲ್ಭಾಗದಲ್ಲಿ ಶಾಫ್ಟಿಗೆ ಕೂರಿಸಿರುವ ಈ ರೆಕ್ಕೆಚಕ್ರವು ಹೊಳೆಯ ನೀರನ್ನೇ ಮೇಲೆತ್ತಿ ಎಂಜಿನ್ನನ್ನು ತಣಿಸುತ್ತದೆ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತರೆ ಅದರ ರೆಕ್ಕೆಗಳು ಮಡಿಚಿಕೊಂಡೇ ಗಟ್ಟಿಯಾಗುತ್ತವೆ. ಚಕ್ರ ತಿರುಗಿದರೂ ನೀರು ಏರುವುದಿಲ್ಲ. ಆದ್ದರಿಂದ ಬಹುಕಾಲ ನಿಂತ ಮೋಟಾರಿಗೆ ಹೊಸ ಇಂಪೆಲ್ಲರ್ ಹಾಕದೆ ದೋಣಿಗೆ ಕಟ್ಟಲೇಬಾರದು. ಹೊಸದನ್ನು ಕೂರಿಸುವಾಗ ಸ್ವಲ್ಪ ಸೋಪಿನ ನೀರು ಸವರಿ, ಶಾಫ್ಟನ್ನು ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತ ಒಳಸೇರಿಸಬೇಕು. ಹಳೆಯದರ ರೆಕ್ಕೆ ಮುರಿದಿದ್ದರೆ ಆ ತುಂಡುಗಳು ಮೇಲಿನ ಕೊಳವೆಯಲ್ಲಿ ಸಿಕ್ಕಿಕೊಂಡಿರಬಹುದು. ಅವನ್ನು ಹುಡುಕಿ ತೆಗೆಯದಿದ್ದರೆ ಹೊಸ ಚಕ್ರವೂ ನಿಷ್ಪ್ರಯೋಜಕ. ನೆರೆಯ ನೀರಿನಲ್ಲಿರುವ ಮರಳು ಮತ್ತು ರೇವೆಯಿಂದ ಈ ರಬ್ಬರು ಬಹುಬೇಗ ಸವೆಯುತ್ತದೆಯಾದ ಕಾರಣ, ಒಂದು ಹೆಚ್ಚುವರಿ ಇಂಪೆಲ್ಲರನ್ನು ದಾಸ್ತಾನಿನಲ್ಲಿಡುವುದು ಉಚಿತ.

ಪರೀಕ್ಷೆಯನ್ನು ಬಯಲಿನಲ್ಲಿ, ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ನಡೆಸಬೇಕು. ನೀರು ಸೇದುವ ಜಾಲರಿ ಪೂರ್ಣ ಮುಳುಗಿರಬೇಕು. ನೀರಿಲ್ಲದೆ ‘ಸುಮ್ಮನೆ ಒಮ್ಮೆ’ ಓಡಿಸಿ ತೋರಿಸುವ ಪದ್ಧತಿಗೆ ಅವಕಾಶ ಕೊಡಬೇಡಿ. ಕೆಲವೇ ಕ್ಷಣಗಳ ಒಣ ಓಟದಿಂದ ಇಂಪೆಲ್ಲರ್ ಸುಟ್ಟುಹೋಗಬಲ್ಲದು. ಎಂಜಿನ್ ಓಡುತ್ತಿರುವಾಗ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆ ಬರುತ್ತಿರಬೇಕು. ಕೆಲವು ಹಳೆಯ ಮಾದರಿಗಳಲ್ಲಿ ಇಂತಹ ರಂಧ್ರವೇ ಇರುವುದಿಲ್ಲ. ಅಲ್ಲಿ ಹೊಗೆಯೊಡನೆ ನೀರು ಹೊರಬರುವುದನ್ನು ನೋಡಬೇಕು. ಕನಿಷ್ಠ ಹದಿನೈದು ನಿಮಿಷ ಓಡಿಸಿರಿ. ಮೇಲೆ ಹೇಳಿದ ಮೋಟಾರು ಕೂಡ ಮೊದಲ ಐದು ನಿಮಿಷ ಚೆನ್ನಾಗಿಯೇ ಓಡಿತ್ತು.

ಇನ್ನು ಇಂಧನದ ವಿಚಾರ. ಹಳೆಯ ಮೋಟಾರುಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಎಂಜಿನ್ನುಗಳು. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅವುಗಳ ಒಳಭಾಗಕ್ಕೆ ಜಿಡ್ಡು. ಪ್ರಮಾಣವು ಮೋಟಾರಿನ ವಯಸ್ಸು ಮತ್ತು ಮಾದರಿಯನ್ನು ಅನುಸರಿಸುತ್ತದೆ. ಈಚಿನವುಗಳಿಗೆ 50 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆ, ಅಂದರೆ 5 ಲೀಟರಿಗೆ 100 ಮಿಲಿಲೀಟರ್. ಅದಕ್ಕೂ ಹಿಂದಿನ ಅನೇಕ ಮೋಟಾರುಗಳಿಗೆ ಇದರ ಇಮ್ಮಡಿ ಬೇಕು. ಬ್ರಿಟಿಷ್ ಸೀಗಲ್ ಎಂಬ ಹಳೆಯ ಮೋಟಾರಿಗಂತೂ ತಯಾರಕರೇ 10ಕ್ಕೆ 1ರಂತೆ ವಿಧಿಸಿದ್ದರು. ಎಣ್ಣೆ ಹೆಚ್ಚಾದರೆ ಹೊಗೆಯೇಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ಕಡಿಮೆಯಾದರೆ ಪಿಸ್ಟನ್ ಬಿಗಿಯುತ್ತದೆ. ಉಳಿತಾಯದ ಹೆಸರಿನಲ್ಲಿ ಕಡಿಮೆ ಹಾಕುವವರನ್ನು ತಡೆಯಿರಿ. ಸರಿಯಾದ ಪ್ರಮಾಣವನ್ನು ಕೈಪಿಡಿಯಿಂದ ತಿಳಿದು ಟ್ಯಾಂಕಿನ ಮೇಲೆಯೇ ಬಣ್ಣದಲ್ಲಿ ಬರೆಸುವುದು ಒಳ್ಳೆಯದು. ನೆರೆಯ ರಾತ್ರಿ ಕೈಪಿಡಿ ಯಾರ ಕೈಗೂ ಸಿಗುವುದಿಲ್ಲ.

ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ; ತೇವ ಮಿತಿಮೀರಿದಾಗ ನೀರೂ ಎಥೆನಾಲೂ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಥೆನಾಲನ್ನು ಗಮನದಲ್ಲಿಟ್ಟು ತಯಾರಿಸದ ಹಳೆಯ ರಬ್ಬರು ಕೊಳವೆಗಳು ಅದರಿಂದ ಮೆತ್ತಗಾಗಿ ಒಡೆಯುತ್ತವೆ. ಆದ್ದರಿಂದ ಕೊಳವೆಗಳನ್ನು ಹೊಸದಾಗಿ ಹಾಕಿಸಿ, ಹಳೆಯ ಇಂಧನವನ್ನು ಸಂಪೂರ್ಣ ಖಾಲಿ ಮಾಡಿಸಿ, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಸಬೇಕು. ಅದರ ಸೂಕ್ಷ್ಮ ರಂಧ್ರಗಳಿಗೆ ತಂತಿ ತೂರಿಸಿದರೆ ರಂಧ್ರವೇ ಹಿಗ್ಗುತ್ತದೆ. ದ್ರಾವಕದಲ್ಲಿ ನೆನೆಸಿ ಗಾಳಿ ಊದುವುದೇ ಕ್ರಮ.

ಕಿಡಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಮ್ಯಾಗ್ನೆಟೋಗಳಲ್ಲಿ ಗಾಲಿಯ ಅಡಿಯಿರುವ ಪಾಯಿಂಟುಗಳು ಕಿಲುಬು ಹಿಡಿದಿರುತ್ತವೆ, ಕಾಯಿಲುಗಳ ಹೊದಿಕೆ ಬಿರುಕು ಬಿಟ್ಟಿರುತ್ತದೆ. ಪಾಯಿಂಟು ಉಜ್ಜಿ ಅಂತರ ಸರಿಪಡಿಸಿ, ಹೊಸ ಪ್ಲಗ್ ಹಾಕಿದರೆ ಎಷ್ಟೋ ‘ಸತ್ತ’ ಮೋಟಾರುಗಳು ಎದ್ದಿವೆ.

ಗೇರ್ ಪೆಟ್ಟಿಗೆಯ ಕೆಳ ತಿರುಪನ್ನು ಬಿಚ್ಚಿದಾಗ ಎಣ್ಣೆ ಹಾಲಿನಂತೆ ಬೆಳ್ಳಗೆ ಬಂದರೆ ನೀರು ಒಳನುಗ್ಗಿದೆ ಎಂದರ್ಥ. ಸೀಲ್ ಬದಲಿಸದೆ ಎಣ್ಣೆ ಮಾತ್ರ ತುಂಬಿಸಿದ ಬಿಲ್ಲನ್ನು ಒಪ್ಪಬೇಡಿ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ಒತ್ತಿ, ಮೇಲಿನ ರಂಧ್ರದಿಂದ ಉಕ್ಕುವವರೆಗೆ ತುಂಬಬೇಕು. ಸಣ್ಣ ಮೋಟಾರುಗಳ ಪಂಖಕ್ಕೆ ಒಂದು ಮೆತು ಲೋಹದ ಪಿನ್ನು ಇರುತ್ತದೆ. ಪಂಖ ಬಂಡೆಗೆ ಬಡಿದಾಗ ಅದು ತಾನು ತುಂಡಾಗಿ ಗೇರನ್ನು ಉಳಿಸುತ್ತದೆ. ಅದರ ಜಾಗಕ್ಕೆ ಮೊಳೆ ಬಡಿಯುವುದು ನಮ್ಮಲ್ಲಿ ರೂಢಿಯಾಗಿದೆ. ಮೊಳೆ ತುಂಡಾಗುವುದಿಲ್ಲ, ಗೇರಿನ ಹಲ್ಲು ತುಂಡಾಗುತ್ತದೆ. ನಾಲ್ಕಾರು ಪಿನ್ನು, ಎರಡು ಪ್ಲಗ್, ಎಳೆಯುವ ಹಗ್ಗ, ಇಕ್ಕಳ ಹಾಗೂ ಪ್ಲಗ್ ಸ್ಪ್ಯಾನರನ್ನು ಒಂದು ಡಬ್ಬಿಯಲ್ಲಿ ಹಾಕಿ ದೋಣಿಗೇ ಕಟ್ಟಿಡಬೇಕು. ಹುಟ್ಟುಗಳೂ, ಕುಳಿತವರೆಲ್ಲರಿಗೆ ಜೀವರಕ್ಷಕ ಕವಚಗಳೂ ಇಲ್ಲದೆ ಮೋಟಾರು ಎಷ್ಟೇ ಚೆನ್ನಾಗಿದ್ದರೂ ದೋಣಿ ದಡ ಬಿಡತಕ್ಕದ್ದಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಮೋಟಾರನ್ನು ಗುಜರಿಗೆ ಹಾಕುವುದು ಸರಿಯಲ್ಲ. ಆದರೆ ಸಿಲಿಂಡರುಗಳ ಒತ್ತಡವನ್ನು ಅಳೆದಾಗ ಒಂದಕ್ಕೂ ಇನ್ನೊಂದಕ್ಕೂ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ, ಎಂಜಿನ್ ಬಿರುಕು ಬಿಟ್ಟಿದ್ದರೆ, ಅಥವಾ ಇಂಪೆಲ್ಲರೇ ಮಾರುಕಟ್ಟೆಯಲ್ಲಿ ದೊರೆಯದಿದ್ದರೆ, ಅಂತಹದನ್ನು ನೆರೆ ಕಾರ್ಯಕ್ಕೆ ನೆಚ್ಚಬಾರದು. ಆ ಸಂಗತಿಯನ್ನು ಸಭೆಯಲ್ಲಿ ಮಂಡಿಸಿ, ದಾಸ್ತಾನು ವಹಿಯ ‘ಸುಸ್ಥಿತಿ’ಯನ್ನು ತಿದ್ದಿಸಿರಿ.

ಮೋಟಾರು ಹೊಳೆಗೆ ಬಿದ್ದು ಮುಳುಗಿದರೆ ಮೇಲೆತ್ತಿದ ಕೂಡಲೇ ಶುದ್ಧ ನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ, ಒಳಗಿನ ನೀರನ್ನು ಹೊರಹಾಕಿ, ಸಿಲಿಂಡರಿಗೆ ಎಣ್ಣೆ ಬಿಟ್ಟು ಕೆಲವೇ ಗಂಟೆಗಳೊಳಗೆ ಓಡಿಸಬೇಕು. ಆದರೆ ಮುಳುಗುವಾಗ ಎಂಜಿನ್ ಓಡುತ್ತಿದ್ದರೆ, ಅಥವಾ ಒಳಗೆ ಮರಳು ಹೊಕ್ಕಿದ್ದರೆ, ಬಿಚ್ಚಿ ನೋಡದೆ ತಿರುಗಿಸಬಾರದು. ತಕ್ಷಣ ಮೆಕ್ಯಾನಿಕ್ ಸಿಗದಿದ್ದರೆ ಅದನ್ನು ಗಾಳಿಗೆ ಒಣಗಲು ಬಿಡುವುದಕ್ಕಿಂತ ಶುದ್ಧ ನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡುವುದು ಮೇಲು. ತುಕ್ಕು ಹಿಡಿಯುವುದು ಗಾಳಿ ಸೋಕಿದ ಮೇಲೆ.

ಮಳೆಗಾಲ ಮುಗಿದ ಮೇಲೆ ಡ್ರಮ್ಮಿನ ಶುದ್ಧ ನೀರಿನಲ್ಲಿ ಓಡಿಸಿ, ಇಂಧನದ ಕೊಳವೆ ಕಳಚಿ, ಕಾರ್ಬ್ಯುರೇಟರಿನ ಪೆಟ್ರೋಲು ತೀರಿ ತಾನಾಗಿ ನಿಲ್ಲುವವರೆಗೆ ಬಿಡಬೇಕು. ಪ್ಲಗ್ ರಂಧ್ರದ ಮೂಲಕ ಸ್ವಲ್ಪ ಎಣ್ಣೆ ಹಾಕಿ ಹಗ್ಗವನ್ನು ನಿಧಾನವಾಗಿ ಎರಡು ಬಾರಿ ಎಳೆಯಿರಿ. ನಂತರ ಮೋಟಾರನ್ನು ಮರದ ಸ್ಟ್ಯಾಂಡಿಗೆ ನೇರವಾಗಿ ಕಚ್ಚಿಸಿ ಇಡತಕ್ಕದ್ದು. ಮಲಗಿಸುವುದು ಅನಿವಾರ್ಯವಾದರೆ ಎಂಜಿನ್ ಭಾಗವು ಗೇರ್ ಭಾಗಕ್ಕಿಂತ ಎತ್ತರದಲ್ಲಿರಲಿ. ಇಲ್ಲವಾದರೆ ಕೊಳವೆಯಲ್ಲಿ ಉಳಿದ ನೀರು ಸಿಲಿಂಡರಿಗೆ ಹರಿದು ಅಲ್ಲೇ ನಿಲ್ಲುತ್ತದೆ.