ಕಡಲ ವಿಜ್ಞಾನಕ್ಕೆ ಸೇರುವ ಮುನ್ನ

ಡಾಲ್ಫಿನ್, ಹವಳದ ಚಿತ್ರಗಳಿಗೆ ಮನಸೋತು ಸಾಗರ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವವರಿದ್ದಾರೆ. ಆಸೆ ತಪ್ಪಲ್ಲ, ಯಾವ ಶಾಖೆ ಎಂದು ನೋಡದೆ ಸೇರುವುದು ತಪ್ಪು.

ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ ಕಲಿಸುವುದು ಕಡಲ ಜೀವಶಾಸ್ತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರು, ಸಾಗರ ಪ್ರವಾಹಗಳ ಭೌತಶಾಸ್ತ್ರಕ್ಕೆ ಒತ್ತು.

ಗಣಿತವನ್ನು ಕೈಬಿಡಬೇಡಿ. ಸಾಗರದಲ್ಲಿ ಬಿಟ್ಟಿರುವ ಆರ್ಗೋ ಎಂಬ ತೇಲುಯಂತ್ರ ಸುಮಾರು 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತಾ ನೀರಿನ ಉಷ್ಣತೆ, ಲವಣಾಂಶ ಅಳೆದು ಉಪಗ್ರಹದ ಮೂಲಕ ಕಳಿಸುತ್ತದೆ. ಆ ಮಾಹಿತಿ ಎಲ್ಲರಿಗೂ ಉಚಿತ. ಅದನ್ನು ಬಿಡಿಸಿ ನೋಡಲು ಸಂಖ್ಯಾಶಾಸ್ತ್ರ, ಪೈಥಾನ್ ಪ್ರೋಗ್ರಾಮಿಂಗ್ ಬೇಕು. ಸೇರುವ ಮೊದಲೇ ಒಂದು ಯಂತ್ರದ ಅಂಕಿಗಳಿಂದ ಗ್ರಾಫ್ ಬರೆದು ನೋಡಿ, ಕೆಲಸ ಒಗ್ಗುವುದೋ ಇಲ್ಲವೋ ತಿಳಿಯುತ್ತದೆ.

ಮಾರ್ಗದರ್ಶಕರ ಇತ್ತೀಚಿನ ಎರಡು ಪ್ರಬಂಧಗಳನ್ನಾದರೂ ಓದಿ. ಹಡಗಿನಲ್ಲಿ ಕೆಲಸ ಸಿಗುತ್ತದೆಯೇ, ಶಿಷ್ಯವೇತನ ಎಷ್ಟು ವರ್ಷ ಎಂಬುದನ್ನು ಈಗ ಓದುತ್ತಿರುವವರನ್ನೇ ಸಂಕೋಚವಿಲ್ಲದೆ ಕೇಳಿ.